ಒಂದು ಮನೆಗೆ ಆರುನೂರು ರೂಪಾಯಿ

ಬೆಳ್ಳೂರಿನಲ್ಲಿ ಬಸ್ಸಿಳಿದು ಅರ್ಧ ಫರ್ಲಾಂಗು ಏರು ಹತ್ತಿದರೆ ಸಿಗುವ ಕೆಂಪು ಕಲ್ಲಿನ ಚಿಕ್ಕ ಮನೆಯಲ್ಲಿ ವಾಸವಾಗಿರುವ ಕೇಶವಪ್ರಸಾದರು ತಮ್ಮ ಐವತ್ತನಾಲ್ಕು ವರ್ಷಗಳ ಆಯುಷ್ಯದಲ್ಲಿ ಲೋಕವು ಗಮನಿಸತಕ್ಕ ಕಾರ್ಯವನ್ನು ಒಂದೇ ಒಂದು ಮಾಡಿದ್ದಾರೆ. ಅದನ್ನು ಮಾಡುವುದು ಅವರಿಗೆ ಕಷ್ಟವಾಗಲಿಲ್ಲ. ಅದಕ್ಕೆ ಬೆಲೆ ಕಟ್ಟುವುದು ಕಷ್ಟವಾಯಿತು.

ಆ ಕಾರ್ಯದ ಮೂಲ ಒಂದು ಅರ್ಜಿ. ತಂದೆ ತೀರಿಕೊಂಡ ವರ್ಷ ತಾಯಿಯ ವಿಧವಾ ಪಿಂಚಣಿಗಾಗಿ ಅವರು ಸಲ್ಲಿಸಿದ ಅರ್ಜಿಯು ಮೂರು ಬಾರಿ ಮರಳಿ ಬಂದಿತು. ಮೊದಲನೆಯ ಸಲ, ಕನ್ನಡ ಮಾತಾಡುವ ಆ ಗಡಿನಾಡಿನಲ್ಲಿ ಸರಕಾರವು ಕೊಡುವ ಮಲಯಾಳದ ನಮೂನೆಯನ್ನು ಕನ್ನಡದಲ್ಲಿ ತುಂಬಿದ್ದರಿಂದ. ಎರಡನೆಯ ಸಲ, ಮನೆಯ ಹೆಸರು ಬರೆಯಬೇಕಾದಲ್ಲಿ ಗಂಡನ ಹೆಸರು ಬರೆದದ್ದರಿಂದ. ಮೂರನೆಯ ಸಲ, ಈ ಎರಡು ದೋಷಗಳನ್ನು ತಿದ್ದುವಷ್ಟರಲ್ಲಿ ನಮೂನೆಯೇ ಬದಲಾಗಿದ್ದರಿಂದ. ನಾಲ್ಕನೆಯ ಸಲ ಅರ್ಜಿ ಅಂಗೀಕೃತವಾಯಿತು. ಆಗ ಪಿಂಚಣಿ ಪಡೆಯಬೇಕಾಗಿದ್ದ ಮಾತೆಯು ಭಗವಂತನ ಪಾದ ಸೇರಿ ಹನ್ನೊಂದು ದಿನಗಳಾಗಿದ್ದವು.

ಆ ಕಾಲದಲ್ಲಿ ಕೇಶವಪ್ರಸಾದರು ಮುಳ್ಳೇರಿಯದ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದರು. ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ, ಒಂದೇ ಗೋಡೆಯ ಕಡೆಗೆ ಮುಖ ಮಾಡಿ, ಕನ್ನಡ ಮಲಯಾಳಗಳೆರಡರಲ್ಲಿಯೂ ಲಗ್ನಪತ್ರಿಕೆಗಳನ್ನೂ ವೈಕುಂಠ ಸಮಾರಾಧನೆಯ ಕಾಗದಗಳನ್ನೂ ಸಿದ್ಧಪಡಿಸಿದವರು. ಮುದ್ರಣಾಲಯದ ಯಜಮಾನ ಮಹಾಬಲರು ಅವರ ದಾಯಾದಿ; ಮುತ್ತಜ್ಜನ ಕಾಲಕ್ಕೆ ಎರಡೂ ಮನೆ ಒಂದೇ ಆಗಿದ್ದುದರಿಂದ ಸಂಬಳವನ್ನು ಕೇಳಿ ಪಡೆಯುವುದು ಸಂಕೋಚದ ವಿಷಯವೆಂದು ಕೇಶವಪ್ರಸಾದರೂ, ಕೇಳದೆ ಕೊಡುವುದು ಅವಮಾನದ ವಿಷಯವೆಂದು ಮಹಾಬಲರೂ ಭಾವಿಸಿದ್ದರು.

ತಾಯಿಯ ಅರ್ಜಿಯ ಪ್ರಸಂಗವಾದ ಮೇಲೆ ಕೇಶವಪ್ರಸಾದರು ಭಾನುವಾರಗಳಲ್ಲಿ ಕುಳಿತು, ಪುಸ್ತಕ ನೋಡಿ, ತಪ್ಪಿ, ತಿದ್ದಿ, ಐದು ವರ್ಷಗಳ ಬಳಿಕ ಒಂದು ಸಾಫ್ಟ್‌ವೇರನ್ನು ನಿರ್ಮಿಸಿದರು. ಬಳಸುವವನು ಕನ್ನಡದಲ್ಲಿ ಹೇಳಿದ್ದನ್ನು ಅದು ಸರಕಾರದ ಮಲಯಾಳ ನಮೂನೆಯಲ್ಲಿ ತಕ್ಕ ಸ್ಥಳದಲ್ಲಿ, ತಕ್ಕ ಶಬ್ದದಲ್ಲಿ ತುಂಬಿ ಕೊಡುತ್ತಿತ್ತು. ವಿಲ್ಲೇಜ್ ಆಫೀಸಿನ ವರಮಾನದ ಪ್ರಮಾಣಪತ್ರ, ಭೂಮಿಯ ಕೈವಶದ ಪ್ರಮಾಣಪತ್ರ, ರೇಶನ್ ಕಾರ್ಡು, ಕ್ಷೇಮನಿಧಿ, ಹೀಗೆ ತೊಂಬತ್ತೊಂದು ನಮೂನೆಗಳು. ಸರಕಾರವು ನಮೂನೆಯನ್ನು ಬದಲಿಸಿದಾಗಲೆಲ್ಲ ಎರಡು ದಿನಗಳೊಳಗೆ ಅವರೂ ಬದಲಿಸುತ್ತಿದ್ದರು. ಅದಕ್ಕೆ 'ದ್ವಿಭಾಷಿ' ಎಂದು ಹೆಸರಿಟ್ಟು, ಕುಲದೇವರ ಮುಂದೆ ದೀಪ ಹಚ್ಚಿ, ಮುದ್ರಣಾಲಯದ ಕೆಲಸವನ್ನು ಬಿಟ್ಟರು.

"ಬಿಡು ಮಾರಾಯ, ಬೇಡ ಹೇಳುವುದಿಲ್ಲ," ಎಂದಿದ್ದರು ಮಹಾಬಲರು. "ಕುರ್ಚಿ ಎಲ್ಲಿಗೂ ಹೋಗುವುದಿಲ್ಲ. ಸಾಕಾದಾಗ ಬಂದು ಕೂತುಕೋ."

"ನಾಲ್ಕು ವಿಷು ಕಳೆಯಲಿ ಅಣ್ಣ," ಎಂದು ಕೇಶವಪ್ರಸಾದರು ಏಪ್ರಿಲಿನ ಹೊಸವರ್ಷದ ಹಬ್ಬವನ್ನೇ ಗಡುವಾಗಿಟ್ಟರು. "ನಾಲ್ಕನೆಯ ವಿಷುವಿಗೆ ಮುನ್ನೂರು ಮನೆ ಆಗದಿದ್ದರೆ ನಾನೇ ಬರುತ್ತೇನೆ."

ಮುನ್ನೂರು ಎಂಬ ಸಂಖ್ಯೆಯು ಬಾಯಿಗೆ ಬಂದದ್ದಲ್ಲ. ಅಷ್ಟು ಮನೆಗಳು ವರ್ಷಕ್ಕೆ ಆರುನೂರು ರೂಪಾಯಿ ಕೊಟ್ಟರೆ ಮಾತ್ರ ಅವರ ಮನೆಯ ಒಲೆಯೂ ದ್ವಿಭಾಷಿಯೂ ಒಟ್ಟಿಗೆ ಉರಿಯಲು ಸಾಧ್ಯವಿತ್ತು. ಮರಳಿ ಕುರ್ಚಿಯಲ್ಲಿ ಕುಳಿತರೆ ಒಲೆ ಉರಿದೀತು; ಆದರೆ ನಮೂನೆಗಳನ್ನು ಬದಲಿಸುವವರು ಯಾರೂ ಇರುತ್ತಿರಲಿಲ್ಲ, ಮತ್ತು ಸರಕಾರದ ಸ್ವಭಾವವನ್ನು ಬಲ್ಲವರಿಗೆ ದ್ವಿಭಾಷಿಯ ಶೇಷಾಯುಷ್ಯವು ಒಂದು ತಿಂಗಳಿಗಿಂತ ಹೆಚ್ಚಲ್ಲವೆಂಬುದು ಸ್ಪಷ್ಟವಾಗಿತ್ತು.

ಮನೆಗೆ ಆರುನೂರು, ಅಂಗಡಿಗೆ, ಮೂರು ಕಂಪ್ಯೂಟರುಗಳ ತನಕ, ಮೂರು ಸಾವಿರ. ಒಂದು ಮನೆಯಲ್ಲಿ ಎಷ್ಟು ಜನರಿದ್ದರೂ, ಎಷ್ಟು ಮೊಬೈಲುಗಳಿದ್ದರೂ ಬೆಲೆ ಅದೇ. ಮನೆಯವರಿಗೆಲ್ಲ ಸೇರಿ ದ್ವಿಭಾಷಿಯೊಳಗೆ ಒಂದು 'ಪೆಟ್ಟಿಗೆ' ಇರುತ್ತಿತ್ತು. ಒಬ್ಬರು ತುಂಬಿದ ಅರ್ಜಿಯು ಅದರಲ್ಲಿ ಉಳಿದು, ಮನೆಯ ಮತ್ತೊಬ್ಬರು ತೆರೆದಾಗ ಕಾಣುತ್ತಿತ್ತು. ಸರ್ವೆ ನಂಬರನ್ನೂ ಅಜ್ಜನ ಹೆಸರನ್ನೂ ಪ್ರತಿಯೊಬ್ಬರೂ ಹೊಸದಾಗಿ ಬರೆಯಬೇಕಾಗಿರಲಿಲ್ಲ. ಮನೆಯವರೊಳಗೆ ಮುಚ್ಚುಮರೆ ಏನಿದೆ ಎಂಬುದು ಕೇಶವಪ್ರಸಾದರ ನಂಬಿಕೆ. ಇಷ್ಟು ಸರಳವಾದ ನೀತಿಯಲ್ಲಿ ಅವರು ಒಂದೇ ಒಂದು ಶಬ್ದವನ್ನು ವಿವರಿಸದೆ ಬಿಟ್ಟಿದ್ದರು. ಮನೆ ಎಂದರೆ ಯಾರು?

ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಕುಂಬಳೆಯ ಲೋಕನಾಥರು. ಬಸ್ಸು ನಿಲ್ಲುವಲ್ಲಿ ಅವರದೊಂದು ಜೆರಾಕ್ಸ್ ಅಂಗಡಿ. ಅವರು ಆರುನೂರು ಕೊಟ್ಟು ಮನೆಯ ಲೈಸೆನ್ಸ್ ಪಡೆದಿದ್ದರು. ಮೂರು ತಿಂಗಳಲ್ಲಿ ಆ ಒಂದು ಮನೆಯಿಂದ ಒಂದು ಸಾವಿರದ ನೂರು ಅರ್ಜಿಗಳು ಹೊರಬಿದ್ದವು. ಕೇಶವಪ್ರಸಾದರು ಬಸ್ಸು ಹತ್ತಿ ಹೋದರು.

"ಲೋಕನಾಥರೇ, ಇದು ಅಂಗಡಿ ಅಲ್ವಾ?"

"ಬೋರ್ಡು ನೋಡಿ ಹೇಳುತ್ತೀರಾ? ಬೋರ್ಡು ಹಳತು ಭಟ್ರೇ. ನನ್ನ ಮನಸ್ಸಿನಲ್ಲಿ ಇದು ಮನೆಯೇ. ಬಂದವರಿಗೆ ಕೂರಲಿಕ್ಕೆ ಹೇಳುತ್ತೇನೆ, ನೀರು ಕೊಡುತ್ತೇನೆ."

"ಅರ್ಜಿಗೆ ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತೀರಿ."

"ಮನೆಯವರಿಂದ ತೆಗೆದುಕೊಳ್ಳದೆ ಹೊರಗಿನವರ ಹತ್ತಿರ ಕೇಳಲಿಕ್ಕೆ ಆಗುತ್ತದಾ?"

ಈ ತರ್ಕವನ್ನು ಕೇಳಿಕೊಂಡು ಕೇಶವಪ್ರಸಾದರು ಹಿಂದಿರುಗಿ ಕರಾರಿನಲ್ಲಿ ಒಂದು ವಾಕ್ಯವನ್ನು ಸೇರಿಸಿದರು: ಒಂದೇ ಮಾಡಿನ, ಅಂದರೆ ಛಾವಣಿಯ, ಕೆಳಗೆ ವಾಸಿಸುವವರು ಒಂದು ಮನೆ. ಒಂದು ತಿಂಗಳೊಳಗೆ ಅಡೂರಿನ ಕಡೆಯಿಂದ ಒಂದು ಛಾಯಾಚಿತ್ರ ಬಂದಿತು. ಮೂವರು ಸಹೋದರರ ಮೂರು ಮನೆಗಳು. ಮಳೆಗಾಲಕ್ಕೆಂದು ಅಂಗಳಕ್ಕೆ ಹೊದಿಸಿದ ತಗಡಿನ ಶೀಟುಗಳನ್ನು ಒಂದರಿಂದೊಂದಕ್ಕೆ ಮುಂದುವರಿಸಿ, ಮಾಡು ಒಂದೇ ಆಗಿದೆಯೆಂಬುದನ್ನು ಕೆಂಪು ಗೆರೆಯಿಂದ ಗುರುತಿಸಲಾಗಿತ್ತು. ಶೀಟಿಗೆ ಆದ ಖರ್ಚು ಹದಿನೆಂಟು ಸಾವಿರ. ಲೈಸೆನ್ಸಿನಲ್ಲಿ ಉಳಿದದ್ದು ಸಾವಿರದ ಇನ್ನೂರು. ಆದರೂ ಅವರು ಸಂತುಷ್ಟರಾಗಿದ್ದರು.

ಮಾಡನ್ನು ಬಿಟ್ಟು ಕೇಶವಪ್ರಸಾದರು ರೇಶನ್ ಕಾರ್ಡನ್ನು ಹಿಡಿದರು: ಒಂದು ಕಾರ್ಡು, ಒಂದು ಮನೆ. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಎಷ್ಟೋ ಕುಟುಂಬಗಳು ಸರಕಾರದ ಸವಲತ್ತಿಗಾಗಿ ತಾವು ಮೂರು, ತಾವು ನಾಲ್ಕು ಎಂದು ಕಾರ್ಡು ಮಾಡಿಸಿಕೊಂಡಿರುವುದು ಆಗ ಬೆಳಕಿಗೆ ಬಂದಿತು. ಸರಕಾರದ ಮುಂದೆ ನಾಲ್ಕಾಗಿದ್ದವರು ಕೇಶವಪ್ರಸಾದರ ಮುಂದೆ ಒಂದಾಗಲು ಬಯಸಿದರು. ಒಂದೆಂದು ಬರೆದು ಕೊಡಿ ಎಂದಾಗ ಮಾತ್ರ ಪೆನ್ನು ಕೆಳಗಿಟ್ಟರು. "ಹಾಗೆ ಕಾಗದದಲ್ಲಿ ಬೇಡ. ಬಾಯಲ್ಲಿ ಒಂದು ಅಂತ ಇಟ್ಟುಕೊಳ್ಳಿ."

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಅವರಿಗೆ ಜ್ಞಾನೋದಯವಾಯಿತು. ಪತ್ನಿ ವಸುಮತಿ ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೊರಟು ಮೆಟ್ಟಿಲಿನಲ್ಲಿದ್ದರು. ಫೋನು ಬಂದಿತು. ದೂರದ ದಾಯಾದಿಯೊಬ್ಬರ ಮನೆಯಲ್ಲಿ ಮಗು ಹುಟ್ಟಿದೆ. ಹತ್ತು ದಿನ ಅಮೆ, ಅಂದರೆ ಜನನದ ಆಶೌಚ. ವಸುಮತಿ ಬುಟ್ಟಿಯನ್ನು ಕೆಳಗಿಟ್ಟು ಒಳಗೆ ಬಂದರು. ದೇವಸ್ಥಾನದಲ್ಲಿ ಕೇಳುವವರಿರಲಿಲ್ಲ, ದಾರಿಯಲ್ಲಿ ನೋಡುವವರಿರಲಿಲ್ಲ, ಆ ಮಗುವಿನ ತಂದೆಯ ಮುಖ ಕಂಡು ಆರು ವರ್ಷವಾಗಿತ್ತು. ಆದರೂ ಬುಟ್ಟಿ ಕೆಳಗಿಳಿಯಿತು.

ಮಾಡಿನ ವಿಷಯದಲ್ಲಿ ಸುಳ್ಳು ಹೇಳುವ, ಕಾರ್ಡಿನ ವಿಷಯದಲ್ಲಿ ಸುಳ್ಳು ಹೇಳುವ ಈ ಜನ ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳರು ಎಂಬುದು ಕೇಶವಪ್ರಸಾದರಿಗೆ ಹೊಳೆಯಿತು. ತನಗಿಲ್ಲದ ಸೂತಕವನ್ನು ಉಂಟೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಅದು ಸಾವನ್ನು ಕರೆದಂತೆ. ಇರುವ ಸೂತಕವನ್ನು ಇಲ್ಲವೆನ್ನುವುದೂ ಇಲ್ಲ, ಅದು ಪಿತೃಗಳನ್ನು ತೊರೆದಂತೆ. ಅಂದೇ ಕರಾರಿನ ಮೂರನೆಯ ವಾಕ್ಯವನ್ನು ಬರೆದರು: "ಪರಸ್ಪರ ಅಮೆ-ಸೂತಕ ಇರುವವರು ಒಂದು ಮನೆ. ಒಂದು ಮನೆಗೆ ಒಂದೇ ಲೈಸೆನ್ಸ್."

ನಿಯಮದ ಪ್ರಥಮ ವಿಜಯವು ಕುಂಬಳೆಯಲ್ಲಾಯಿತು. ಅರ್ಜಿ ತುಂಬುವ ಮೊದಲು 'ನಾನು ಈ ಮನೆಯ ಸೂತಕಕ್ಕೆ ಸೇರಿದವನು' ಎಂಬ ಕೋಶಕ್ಕೆ ಗುರುತು ಹಾಕಬೇಕಾಗಿತ್ತು. ಲೋಕನಾಥರ ಗಿರಾಕಿಗಳು ಪರದೆಯನ್ನು ಓದಿ ಹೌಹಾರಿದರು.

"ಎಂತ ಲೋಕಣ್ಣ, ರೇಶನ್ ಕಾರ್ಡಿಗೆ ಬಂದರೆ ನಿಮ್ಮ ಸೂತಕ ನನ್ನ ತಲೆಗೆ ಕಟ್ಟುತ್ತೀರಾ? ನೀವು ಹುಷಾರುಂಟಲ್ಲ?"

ಎರಡೇ ವಾರಗಳಲ್ಲಿ ಲೋಕನಾಥರು ಮೂರು ಸಾವಿರವನ್ನು ಎಣಿಸಿಕೊಟ್ಟು ಅಂಗಡಿಯ ಲೈಸೆನ್ಸ್ ಪಡೆದರು. ಮನೆಗೂ ಒಂದಿರಲಿ ಎಂದು ಹೊರಟಾಗ ಅವರಿಗೆ ಇನ್ನೊಂದು ಸಂಕಟ ಎದುರಾಯಿತು. ಅವರದು ತಾಯಿಯ ಕಡೆಯಿಂದ ಕುಟುಂಬವನ್ನು ಎಣಿಸುವ ತುಳುವರ ಮನೆತನ.

"ನನ್ನ ಸೋದರಮಾವ ಸತ್ತರೆ ಸೂತಕ ನನಗೆ, ಹೆಂಡತಿ ರಾಜೀವಿಗಿಲ್ಲ. ಅವಳ ಅಮ್ಮನ ಕಡೆ ಯಾರಾದರೂ ಹೋದರೆ ಅವಳಿಗೂ ಮಕ್ಕಳಿಗೂ ಉಂಟು, ನನಗಿಲ್ಲ. ನಿಮ್ಮ ಲೆಕ್ಕದಲ್ಲಿ ನನ್ನ ಹೆಂಡತಿ ಬೇರೆ ಮನೆ. ಒಂದೇ ಮೇಜಿನಲ್ಲಿ ಊಟ, ಎರಡು ಲೈಸೆನ್ಸ್! ಇದನ್ನು ಅವಳಿಗೆ ಹೇಳುವವರು ನೀವೋ ನಾನೋ?"

"ನಿಯಮ ನಿಯಮವೇ ಲೋಕನಾಥರೇ."

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪ್ರಶ್ನೆಯೂ ಬಂದಿತು. ಅವರಿಗೆ ತವರಿನಲ್ಲಿ ಇರುವುದು ಮೂರು ದಿನದ ಆಶೌಚ. ಹತ್ತು ದಿನದವರಿಗೆ ಆರುನೂರಾದರೆ ಮೂರು ದಿನದವರಿಗೆ ನೂರ ಎಂಬತ್ತು ಎಂದು ಕೇಶವಪ್ರಸಾದರು ತ್ರೈರಾಶಿಯಿಂದ ನಿರ್ಣಯಿಸಿದರು. ಧರ್ಮಶಾಸ್ತ್ರವನ್ನು ಇಷ್ಟು ನಿಷ್ಪಕ್ಷಪಾತವಾಗಿ ದರಪಟ್ಟಿಗೆ ಇಳಿಸಿದ ಮತ್ತೊಂದು ಸಾಫ್ಟ್‌ವೇರು ಇದ್ದಂತೆ ಕಾಣುವುದಿಲ್ಲ.

ನಾಲ್ಕನೆಯ ವರ್ಷ ಆರಂಭವಾದಾಗ ಮನೆಗಳ ಸಂಖ್ಯೆ ಇನ್ನೂರ ಅರವತ್ತನಾಲ್ಕು. ಎಲ್ಲ ಲೈಸೆನ್ಸುಗಳೂ ವಿಷುವಿನಂದು ಮುಗಿಯುವವು. ಜನವರಿಯಿಂದ ಹಣ ಕೊಟ್ಟು ಮುಂದುವರಿಸಬೇಕು. ಇನ್ನು ಮೂವತ್ತಾರು ಮನೆಗಳು ಸೇರಿದರಾಯಿತು. ಕೇಶವಪ್ರಸಾದರು ಸುಳ್ಳಿಗೆ ಎಲ್ಲ ಬಾಗಿಲುಗಳನ್ನೂ ಮುಚ್ಚಿ ನಿಶ್ಚಿಂತರಾಗಿದ್ದರು. ಆಗ ಸತ್ಯವು ಬಂದು ಬಾಗಿಲು ತಟ್ಟಿತು.

ಸತ್ಯವನ್ನು ತಂದವರು ಮಹಾಬಲರು. ಶಿವರಾತ್ರಿಯ ಮರುದಿನ ಬೈಕಿನಿಂದಿಳಿದು, ಜಗುಲಿಯಲ್ಲಿ ಕುಳಿತು, ಮಜ್ಜಿಗೆ ಕುಡಿದು, ಚೀಲದಿಂದ ಆರು ಹಾಳೆಗಳ ಒಂದು ಪಟ್ಟಿಯನ್ನು ತೆಗೆದರು. ಪ್ರತಿಯೊಂದು ಮನೆತನದಲ್ಲಿಯೂ ಇಂತಹ ಪಟ್ಟಿಯೊಂದಿರುತ್ತದೆ: ಯಾರಾದರೂ ತೀರಿಕೊಂಡರೆ ಯಾರು ಯಾರಿಗೆ ಫೋನು ಮಾಡಿ ಸೂತಕ ತಿಳಿಸಬೇಕು ಎಂಬುದು. ಮುದ್ರಣಾಲಯದವರಾದ್ದರಿಂದ ಮಹಾಬಲರದು ಅಚ್ಚುಕಟ್ಟಾಗಿತ್ತು. ನೂರ ಅರವತ್ತಮೂರು ಹೆಸರುಗಳು, ಮೂವತ್ತೆಂಟು ಮನೆಗಳು. ಮೊದಲ ಹೆಸರು ಅಡೂರಿನ ಮಹಾಲಿಂಗ ಭಟ್ಟರದು, ಪೂಜೆಯಿಂದ ನಿವೃತ್ತರಾದ ಎಂಬತ್ತಮೂರರ ಹಿರಿಯರು. ತೊಂಬತ್ತನಾಲ್ಕನೆಯ ಹೆಸರು ಕೇಶವಪ್ರಸಾದರದೇ, ತೊಂಬತ್ತೈದು ವಸುಮತಿ.

"ಇದು ಒಂದು ಮನೆ," ಎಂದು ಮಹಾಬಲರು ಆರುನೂರು ರೂಪಾಯಿಗಳನ್ನು ಪಟ್ಟಿಯ ಮೇಲಿಟ್ಟರು.

"ಅಣ್ಣ, ಮೂವತ್ತೆಂಟು ಮನೆ..."

"ಸೂತಕ ಉಂಟೋ ಇಲ್ಲವೋ? ಅಷ್ಟು ಹೇಳು."

"ಉಂಟು."

"ನಾನು ಒಂದು ಹೆಸರೂ ಸುಳ್ಳು ಹಾಕಲಿಲ್ಲ. ಸೂತಕ ಇರುವ ಏಳು ತಲೆಮಾರು ಎಣಿಸಿದ್ದೇನೆ, ಎಂಟನೆಯದು ತೆಗೆದಿದ್ದೇನೆ. ನಿನ್ನ ನಿಯಮವನ್ನು ಇಷ್ಟು ಮರ್ಯಾದೆಯಲ್ಲಿ ಪಾಲಿಸಿದವರು ಬೇರೆ ಉಂಟಾ?"

ಇರಲಿಲ್ಲ. ಆದರೆ ಬೇಗನೆ ಉಂಟಾದರು. ವಿಷಯ ಹಬ್ಬಿ, ಇನ್ನೂ ಮೂರು ಮನೆತನಗಳು ತಮ್ಮ ತಮ್ಮ ಸೂತಕದ ಪಟ್ಟಿಗಳೊಡನೆ ಬಂದವು. ಇಪ್ಪತ್ತು ವರ್ಷಗಳಿಂದ ಬೇಲಿಯ ವಿಷಯದಲ್ಲಿ ಕೋರ್ಟಿನಲ್ಲಿದ್ದವರು ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ನಿಂತರು. ಯಾವ ಪುರಾಣ ಪ್ರವಚನವೂ ಸಾಧಿಸದ ಕುಲೈಕ್ಯವನ್ನು ಆರುನೂರು ರೂಪಾಯಿಯ ಉಳಿತಾಯವು ಮೂರು ವಾರಗಳಲ್ಲಿ ಸಾಧಿಸಿತು. ಮಾರ್ಚ್ ತಿಂಗಳ ನಡುವೆ ಕೇಶವಪ್ರಸಾದರು ಲೆಕ್ಕ ನೋಡಿದಾಗ ಮುಂದಿನ ವರ್ಷಕ್ಕೆ ಹಣ ಕೊಟ್ಟ ಮನೆಗಳು ನೂರ ಹತ್ತೊಂಬತ್ತು.

"ನಿಯಮ ತೆಗೆದು ಬಿಸಾಡಿ," ಎಂದರು ವಸುಮತಿ.

"ಅಚ್ಚಾಗಿದೆ. ಒಪ್ಪಿದವರಿದ್ದಾರೆ. ನಷ್ಟವಾಯಿತು ಅಂತ ಹೇಗೆ ತೆಗೆಯುವುದು? ಲಾಭವಾಗಿದ್ದರೆ ತೆಗೆಯುತ್ತಿದ್ದೆನಾ?"

ವಸುಮತಿ ಸುಮ್ಮನಾದರು. ಅವರ ಮೌನವು ಒಪ್ಪಿಗೆಯಲ್ಲವೆಂಬುದನ್ನು ಇಪ್ಪತ್ತೇಳು ವರ್ಷಗಳ ದಾಂಪತ್ಯವು ಕೇಶವಪ್ರಸಾದರಿಗೆ ಇನ್ನೂ ಕಲಿಸಿರಲಿಲ್ಲ.

ಆ ವಾರದಲ್ಲಿಯೇ ಒಂದು ಮಧ್ಯಾಹ್ನ, ಪತ್ನಿ ಇಲ್ಲದಾಗ, ಅವರು ತಾವು ನಿರ್ಮಿಸಿದ ದ್ವಿಭಾಷಿಯನ್ನೇ ತೆರೆದು ಕಾರ್ಮಿಕರ ಕ್ಷೇಮನಿಧಿಯ ಅರ್ಜಿಯೊಂದನ್ನು ತುಂಬಿದರು. ಉದ್ಯೋಗ: ಮುದ್ರಣಾಲಯದ ನೌಕರ. ಉದ್ಯೋಗದಾತ: ಮಹಾಬಲ. ಕೆಲಸಕ್ಕೆ ಸೇರುವ ದಿನ: ವಿಷುವಿನ ಮರುದಿನ. ಮನೆಗಳಿಗೆ ಪೆಟ್ಟಿಗೆ ಮಾಡಿಕೊಟ್ಟವರು, ತಾವು ತೊಂಬತ್ತನಾಲ್ಕನೆಯವರಾಗಿ ಯಾವ ಪೆಟ್ಟಿಗೆಯೊಳಗಿದ್ದೇವೆ ಎಂಬುದನ್ನು ಆ ದುಃಖದಲ್ಲಿ ಮರೆತಿದ್ದರು.

ಮುಂದಿನ ವಾರದಿಂದ ಊರಿನಲ್ಲಿ ಒಂದು ವಿಚಿತ್ರ ಗಾಳಿ ಬೀಸತೊಡಗಿತು. ಐದು ಜನರ ಮನೆಗೆಂದು ಮಾಡಿದ ಪೆಟ್ಟಿಗೆಯಲ್ಲಿ ಈಗ ನೂರ ಅರವತ್ತಮೂರು ಜನರಿದ್ದರು. ಅದರೊಳಗೆ ಅಡಗಿದ್ದುದನ್ನು ಯಾರೋ ಇಣುಕಿ ನೋಡಿದ್ದರು. ದಾಯಾದಿಗಳಲ್ಲೊಬ್ಬರಾದ ಸುಬ್ಬರಾಯ ಮಾಸ್ತರರಿಗೆ, ಎರಡು ಯಂತ್ರಗಳ ಮುದ್ರಣಾಲಯದ ಒಡೆಯರಾದ ಮಹಾಬಲರು ಮಗಳ ವಿದ್ಯಾರ್ಥಿವೇತನಕ್ಕಾಗಿ ತಮ್ಮ ವರ್ಷದ ಆದಾಯವನ್ನು ನಲವತ್ತೆಂಟು ಸಾವಿರವೆಂದು ಬರೆದಿರುವುದು ತಿಳಿಯಿತು. ಮಹಾಬಲರಿಗೆ, ತಮ್ಮ ಗುಡ್ಡೆಗೆ ಹೋಗುವ ದಾರಿಯನ್ನು ಸುಬ್ಬರಾಯ ಮಾಸ್ತರರು ಕೈವಶದ ಪ್ರಮಾಣಪತ್ರದಲ್ಲಿ ಸ್ವಂತದ್ದೆಂದು ಕಾಣಿಸಿರುವುದು ತಿಳಿಯಿತು. ನೂರ ಅರವತ್ತಮೂರು ಜನರೂ ಒಬ್ಬರನ್ನೊಬ್ಬರು ಓದತೊಡಗಿದರು. ಆ ಊರಿನಲ್ಲಿ ಯಾವ ಗ್ರಂಥವನ್ನೂ ಅಷ್ಟು ಜನ ಅಷ್ಟು ಶ್ರದ್ಧೆಯಿಂದ ಓದಿದ್ದಿಲ್ಲ.

ವಿಷುವಿಗೆ ಒಂಬತ್ತು ದಿನಗಳಿರುವಾಗ ಮಹಾಬಲರ ಬೈಕು ಮತ್ತೆ ಏರು ಹತ್ತಿ ಬಂದಿತು. ಈ ಸಲ ಮಜ್ಜಿಗೆ ಬೇಡವೆಂದರು.

"ನನಗೆ ಬೇರೆ ಲೈಸೆನ್ಸ್ ಕೊಡು. ಈಗಲೇ."

"ಬೇರೆಯಾಗಲಿಕ್ಕೆ ಒಂದು ಕಾಗದ ಉಂಟು ಅಣ್ಣ."

"ತಾ, ಸಹಿ ಮಾಡುತ್ತೇನೆ."

"'ಪಟ್ಟಿಯಲ್ಲಿರುವ ಉಳಿದ ನೂರ ಅರವತ್ತೆರಡು ಜನರ ಸೂತಕ ನನಗಿಲ್ಲ, ನನ್ನ ಸೂತಕ ಅವರಿಗಿಲ್ಲ' ಅಂತ."

ಮಹಾಬಲರ ಕೈ ಪೆನ್ನಿನ ಬಳಿ ಹೋಗಿ ನಿಂತಿತು. ಅವರು ತೆರಿಗೆಯ ಕಾಗದಕ್ಕೆ, ಬ್ಯಾಂಕಿನ ಕಾಗದಕ್ಕೆ, ನಲವತ್ತೆಂಟು ಸಾವಿರದ ಕಾಗದಕ್ಕೆ ಅಳುಕದೆ ಸಹಿ ಮಾಡಿದವರು.

"ಅದು ಹೇಗೆ ಮಾರಾಯ ಬರೆಯುವುದು? ನಾಳೆ ನಾನು ಹೋದರೆ ಸೂತಕ ಹಿಡಿಯುವವರು ಯಾರು?"

"ಅದಕ್ಕೇ ಹೇಳುವುದು. ಒಂದು ಮನೆ, ಒಂದೇ ಲೈಸೆನ್ಸ್."

"ಮೂರು ಸಾವಿರ ಕೊಡುತ್ತೇನೆ."

"ಅದು ಅಂಗಡಿಯ ದರ. ಅಂಗಡಿಗೆ ಬೇಕಾದರೆ ಅಂಗಡಿಗೆ ಕೊಡುತ್ತೇನೆ. ನಿಮ್ಮ ಮಗಳ ವಿದ್ಯಾರ್ಥಿವೇತನ ಅಂಗಡಿಯ ಅರ್ಜಿ ಅಲ್ಲವಲ್ಲ."

ಮಹಾಬಲರ ಮುಖ ಕೆಂಪಾಯಿತು. "ನೀನೂ ಓದಿದೆಯಾ? ಓದು, ಓದು. ನಿನ್ನದನ್ನು ನಾವು ಓದಿಲ್ಲ ಅಂತ ಎಣಿಸಬೇಡ. ಕ್ಷೇಮನಿಧಿ! ಉದ್ಯೋಗದಾತ ಮಹಾಬಲ! ಅದನ್ನು ನೋಡಿ ನಾನು ಕುರ್ಚಿಗೆ ಹೊಸ ರೆಕ್ಸಿನ್ ಹಾಕಿಸಿದೆ ಗೊತ್ತುಂಟಾ? ನೀನು ಬರುತ್ತಿ ಅಂತ. ಅದನ್ನು ನೋಡಿಯಾದರೂ ನನಗೊಂದು ಬೇರೆ ಮಾಡಿ ಕೊಡಬಾರದಾ?"

ಬಾಗಿಲಿನ ಹಿಂದೆ ವಸುಮತಿಯ ಬಳೆಗಳ ಸದ್ದು ಕೇಳಿಸಿತು, ಮತ್ತೆ ಕೇಳಿಸಲಿಲ್ಲ. ಕೇಶವಪ್ರಸಾದರು ಹೇಳಿದ್ದು ಇಷ್ಟೇ:

"ಬರುತ್ತೇನೆ ಅಣ್ಣ. ಆದರೆ ನಿಯಮ ತಪ್ಪಿ ಕೊಡುವುದಿಲ್ಲ."

ಮರುದಿನದಿಂದ ಜಗುಲಿಯಲ್ಲಿ ಜನ ಸೇರಿದರು. ನಾಲ್ಕೂ ಪಟ್ಟಿಗಳವರು, ಕೈಯಲ್ಲಿ ಆರುನೂರು ಹಿಡಿದು, ಪಾಲಿಗೆ ಬಂದ ದಾಯಾದಿಗಳಂತೆ. "ಬೇರೆ ಮಾಡಿ ಕೊಡಿ" ಎಂಬುದು ಎಲ್ಲರ ಬೇಡಿಕೆ. ಸೂತಕ ಇಲ್ಲವೆಂದು ಬರೆಯಲು ಒಬ್ಬನೂ ಸಿದ್ಧನಲ್ಲ. ಮುನ್ನೂರನ್ನು ದಾಟಿಸುವಷ್ಟು ಮನೆಗಳು ಕಣ್ಣ ಮುಂದೆ ಹಣ ಚಾಚಿ ನಿಂತಿರುವಾಗ, ನೂರ ಹತ್ತೊಂಬತ್ತರಲ್ಲಿ ನಿಂತ ಮನುಷ್ಯನು ತಾನೇ ಬರೆದ ಒಂದು ವಾಕ್ಯವನ್ನು ತೋರಿಸಿ ಎಲ್ಲರನ್ನೂ ಹಿಂದಕ್ಕೆ ಕಳುಹಿಸುತ್ತಿದ್ದನು. ಹೀಗೆ ನಾಲ್ಕು ದಿನ. ಐದನೆಯ ದಿನ ವಸುಮತಿ ಸೀರೆ ಬದಲಿಸಿ ಕೊಡೆ ಹಿಡಿದು ಹೊರಬಂದರು.

"ಎಲ್ಲಿಗೆ?"

"ಅಡೂರಿಗೆ. ನೀವೂ ಬನ್ನಿ. ಪಟ್ಟಿಯಲ್ಲಿ ಮೊದಲನೆಯ ಹೆಸರಿನವರ ಹತ್ತಿರ ಕೇಳುವ."

ಮಹಾಲಿಂಗ ಭಟ್ಟರು ದೇವರ ಕೋಣೆಯ ಹೊರಗೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ವೃತ್ತಾಂತವನ್ನೆಲ್ಲ ಕೇಳಿಸಿಕೊಂಡು, ಮಧ್ಯದಲ್ಲಿ ಎರಡು ಸಲ ನಕ್ಕು, ಒಂದು ಸಲ ನಲವತ್ತೆಂಟು ಸಾವಿರವೋ ಎಂದು ಮತ್ತೆ ಕೇಳಿ ಖಚಿತಪಡಿಸಿಕೊಂಡರು.

"ನಿಯಮ ಶಾಸ್ತ್ರಕ್ಕೆ ಸರಿಯಾಗಿಯೇ ಉಂಟು ಕೇಶವ," ಎಂದರು. "ಎಂತಕ್ಕೆ ಮಾಡಿದ ಶಾಸ್ತ್ರ ಅದು?"

"ಆಶೌಚಕ್ಕೆ."

"ಸತ್ತಾಗ ನಮಗೆಲ್ಲ ಒಂದೇ ಸೂತಕ. ಅದು ಸತ್ತಾಗಿನ ವಿಷಯ. ಬದುಕಿರುವಾಗ ಪಾಲು ಅಂತ ಒಂದು ಉಂಟಲ್ಲ? ನಮ್ಮ ಅಜ್ಜಂದಿರು ಗದ್ದೆ ಪಾಲು ಮಾಡಿಕೊಂಡರು, ಸೂತಕ ಪಾಲು ಮಾಡಿಕೊಳ್ಳಲಿಲ್ಲ. ಸತ್ತವರಿಗೆ ಮಾಡಿದ ಅಳತೆಯಲ್ಲಿ ನೀನು ಬದುಕಿರುವವರ ಅರ್ಜಿ ಅಳೆದರೆ ಹೇಗೆ?" ಬತ್ತಿಯನ್ನು ಕೆಳಗಿಟ್ಟು ಸ್ವಲ್ಪ ಮುಂದಕ್ಕೆ ಬಾಗಿದರು. "ಅದಿರಲಿ, ನನ್ನದೂ ಆ ಪೆಟ್ಟಿಗೆಯಲ್ಲಿ ಉಂಟಾ? ಹೋದ ತಿಂಗಳು ಮೊಮ್ಮಗಳು ಎಂತದೋ ತುಂಬಿಸಿದ್ದಳು."

"ಉಂಟು."

"ಹಾಗಾದರೆ ನನಗೂ ಒಂದು ಬೇರೆ."

ಹಿಂದಿರುಗುವ ಬಸ್ಸಿನಲ್ಲಿಯೇ ಕೇಶವಪ್ರಸಾದರು ಟಿಕೇಟಿನ ಹಿಂಬದಿಯಲ್ಲಿ ನಾಲ್ಕನೆಯ ವಾಕ್ಯವನ್ನು ಬರೆದರು. ಲಾಭಕ್ಕಾಗಿ ಬದಲಿಸಿದೆನೆಂಬ ಅಪವಾದ ಬಾರದಂತೆ, ಪಟ್ಟಿಯಲ್ಲೇ ಉಳಿಯಲು ಬಯಸುವವರು ವರ್ಷ ಮುಗಿಯುವ ತನಕ ಉಳಿಯಬಹುದೆಂದೂ ಸೇರಿಸಿದರು. ವಾಕ್ಯ ಹೀಗಿತ್ತು: "ಒಬ್ಬರ ವರಮಾನದ ಅರ್ಜಿಯನ್ನು ಮತ್ತೊಬ್ಬರು ನೋಡಬಹುದು ಎಂದು ಒಪ್ಪುವವರೆಲ್ಲ ಸೇರಿ ಒಂದು ಮನೆ."

ಮಾಡು, ಕಾರ್ಡು, ಸೂತಕ ಎಂಬ ಮೂರು ಅಳತೆಗಳಲ್ಲಿಯೂ ದೊಡ್ಡದಾಗಿಯೇ ಕಂಡ ಮನೆಯು ಈ ನಾಲ್ಕನೆಯ ಅಳತೆಯಲ್ಲಿ ನೀರಿಗೆ ಹಾಕಿದ ಉಪ್ಪಿನ ಹರಳಿನಂತೆ ಕರಗತೊಡಗಿತು. ಪಟ್ಟಿಯಲ್ಲಿ ಉಳಿಯಲು ಯಾರೂ ಬಯಸಲಿಲ್ಲ. ಮಹಾಬಲರು ಮನೆಗೊಂದು, ಅಂಗಡಿಗೊಂದು ತೆಗೆದುಕೊಂಡರು. ಸುಬ್ಬರಾಯ ಮಾಸ್ತರರು ತಮಗೊಂದು, ನೌಕರಿಯಲ್ಲಿರುವ ಮಗನಿಗೊಂದು. ಮೂರು ಮನೆಗಳ ಮಾಡನ್ನು ಒಂದು ಮಾಡಿದ್ದ ಸಹೋದರರು ಮೂರು ಲೈಸೆನ್ಸ್ ಪಡೆದರು. ಶೀಟುಗಳು ಈಗಲೂ ಹಾಗೆಯೇ ಇವೆ, ಮಳೆಗೆ ಉಪಯೋಗವಾಗುತ್ತವೆ. ಕುಂಬಳೆಯಿಂದ ಲೋಕನಾಥರ ಫೋನು ಬಂದಿತು.

"ಭಟ್ರೇ, ಹಳೆಯ ನಿಯಮದಲ್ಲಿ ರಾಜೀವಿ ಬೇರೆ ಮನೆ ಅಂತ ಅವಳು ಎರಡು ವಾರ ಮಾತಾಡಲಿಲ್ಲ. ಈಗ ಹೊಸ ನಿಯಮ ಓದಿ ಹೇಳಿದೆ, ನಾವು ಒಂದೇ ಆಗಬಹುದು ಅಂತ."

"ಒಳ್ಳೆಯದಾಯಿತು."

"ಎಂತ ಒಳ್ಳೆಯದು? ಬೇರೆಯೇ ಇರಲಿ ಹೇಳಿದಳು."

ವಿಷುವಿನ ಬೆಳಗ್ಗೆ ದೇವರ ಮುಂದಿಟ್ಟ ಮಂಗಳವಸ್ತುಗಳ ಕಣಿ ದರ್ಶನವಾಗಿ, ಪಾಯಸ ಮುಗಿದ ಮೇಲೆ, ಕೇಶವಪ್ರಸಾದರು ಸಂಖ್ಯೆಯನ್ನು ನೋಡಿದರು. ಮುನ್ನೂರ ನಲವತ್ತಾರು. ಅದನ್ನು ಎರಡು ಸಲ ಓದಿ, ದೇವರ ಕಡೆಗೆ ತಿರುಗಿ ಕೈಮುಗಿದು, ಮಹಾಬಲರಿಗೆ ಫೋನು ಮಾಡಿದರು.

"ಅಣ್ಣ, ಕುರ್ಚಿಯ ವಿಷಯ..."

"ಗೊತ್ತುಂಟು. ನಾನೇ ಕೂತಿದ್ದೇನೆ,"  ಎಂದರು ಮಹಾಬಲರು. "ರೆಕ್ಸಿನ್ ಒಳ್ಳೆಯದುಂಟು."

ಫೋನು ಕೆಳಗಿಟ್ಟಾಗ ಎದುರಿಗೆ ವಸುಮತಿ ನಿಂತಿದ್ದರು. ಮೇಜಿನ ಮೇಲೆ ನೂರರ ಆರು ನೋಟುಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದರು.

"ನನಗೊಂದು."

"ನಿನಗಾ? ನಮ್ಮಲ್ಲಿ ಮುಚ್ಚಿಡಲಿಕ್ಕೆ ಎಂತ ಉಂಟು?"

"ನಿಮ್ಮದರಲ್ಲಿ ಇತ್ತಲ್ಲ. ಕ್ಷೇಮನಿಧಿಯ ಅರ್ಜಿ. ನೀವು ತುಂಬಿದ ಸಂಜೆಯೇ ನಾನು ನೋಡಿದೆ."

ಕೇಶವಪ್ರಸಾದರು ತಲೆ ತಗ್ಗಿಸಿದರು. "ಹೇಳಲಿಲ್ಲವಲ್ಲ ನೀನು."

"ನೀವು ಹೇಳಿದಿರಾ? ನಾಲ್ಕು ವರ್ಷ ಮಾಡಿದ್ದನ್ನು ಬಿಟ್ಟು ಹೋಗುತ್ತೇನೆ ಅಂತ ನನ್ನ ಹತ್ತಿರ ಹೇಳುವ ಮೊದಲು ಮಲಯಾಳದಲ್ಲಿ ಸರಕಾರಕ್ಕೆ ಬರೆದಿರಿ. ಮರುದಿನ ದೇವಸ್ಥಾನದಲ್ಲಿ ಸುಬ್ಬರಾಯ ಮಾಸ್ತರರ ಹೆಂಡತಿ ಸಿಕ್ಕಿದಳು. ಪೆಟ್ಟಿಗೆಯಲ್ಲಿ ಎಲ್ಲರದ್ದೂ ಕಾಣುತ್ತದೆ, ನೀನು ನೋಡಲಿಲ್ಲವಾ ಅಂತ ಕೇಳಿದೆ. ಅಷ್ಟೇ ಕೇಳಿದ್ದು."

ಹೊರಗೆ ಯಾರದೋ ಸ್ಕೂಟರು ಏರು ಹತ್ತುತ್ತಿತ್ತು. ಕೇಶವಪ್ರಸಾದರು ಪತ್ನಿಯನ್ನು ನೋಡಿದರು. ನಿಯಮಗಳನ್ನೆಲ್ಲ ತಾವೊಬ್ಬರೇ ಬರೆದೆವೆಂದು ಅಲ್ಲಿಯ ತನಕ ನಂಬಿದ್ದವರು ನೋಡುವ ಹಾಗೆ. ಅನಂತರ ಯಂತ್ರದ ಮುಂದೆ ಕುಳಿತು ಮುನ್ನೂರ ನಲವತ್ತೇಳನೆಯ ಲೈಸೆನ್ಸನ್ನು ಬರೆದರು. ಮನೆಯ ಹೆಸರು, ತಮ್ಮದೇ. ಸದಸ್ಯರು, ಒಬ್ಬರು.

"ಆರುನೂರು ಬೇಡ. ಹಿಂದೆ ತೆಗೆದುಕೋ," ಎಂದರು.

"ನಿಯಮ ನಿಯಮವೇ," ಎಂದರು ವಸುಮತಿ. ಆಮೇಲೆ ಗುಪ್ತಪದವನ್ನು ತುಂಬುವ ಸಲುವಾಗಿ, ಅವರನ್ನು ಆ ಕುರ್ಚಿಯಿಂದ ಏಳಿಸಿ, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಲು ಹೇಳಿದರು.